ಅಂಬಾಳ ತಲೆಯ ಫೋಟೋ

ಖಿಚಡಿ ಹಬ್ಬದ ಮರುದಿನ ಬೆಳಿಗ್ಗೆ ಅಂಬಾಳ ಕೈಯಿಂದ ಅಕ್ಕಿಯ ಮೊರ ಜಾರಿ ಬಿತ್ತು.

ಮಠದ ಅಡುಗೆಮನೆಯ ಒಲೆಯ ಮುಂದಿದ್ದ ಗಿರಿಜಾದೇವಿ ಹಿಂತಿರುಗಿಯೂ ನೋಡದೆ, "ಎಲ್ಲಿ ನೋಡ್ತಿದ್ದೀಯ ಕೂಸೇ, ನಲವತ್ತು ಜನದ ಅನ್ನ ಅದು" ಎಂದು ಗದರಿದಳು. ಉತ್ತರ ಬರಲಿಲ್ಲ. ಬೈದರೆ ಸುಮ್ಮನಿರುವ ಹುಡುಗಿಯಲ್ಲ ಅವಳು. ತಿರುಗಿ ನೋಡಿದರೆ ಅಂಬಾ ಗೋಡೆಗೆ ಒರಗಿ ಕೂತಿದ್ದಾಳೆ. ಬಲಗೈ ಚೆಲ್ಲಿದ ಅಕ್ಕಿಯ ಮೇಲೆ ಯಾರದೋ ಕೈಯಂತೆ ಬಿದ್ದಿದೆ. ಬಾಯಿಯ ಬಲಗೊನೆ ಕೆಳಕ್ಕೆ ಜಗ್ಗಿ ಜೊಲ್ಲು ಇಳಿಯುತ್ತಿದೆ. ಕಣ್ಣು ಮಾತ್ರ ತಾಯಿಯ ಮುಖದ ಮೇಲೆ ನೆಟ್ಟಿತ್ತು. ಏನೋ ಹೇಳಲು ಹೊರಟಳು. ಬಂದದ್ದು ಮಾತಲ್ಲ, ಬರೀ ಸದ್ದು.

ಕಾಶಿಯವರು ಸಂಕ್ರಾಂತಿಯನ್ನು ಖಿಚಡಿ ಎಂದೇ ಕರೆಯುತ್ತಾರೆ. ಸಾವಿರದ ಒಂಬೈನೂರ ಎಪ್ಪತ್ತೇಳರ ಆ ಖಿಚಡಿಯಲ್ಲಿ ಮೂಳೆ ಕೊರೆಯುವ ಚಳಿಯಿತ್ತು. ಬೇಡವೆಂದರೂ ಕೇಳದೆ ಅಂಬಾ ಕಾಲೇಜಿನ ಗೆಳತಿಯರ ಜೊತೆ ಕೇದಾರ ಘಾಟಿಗೆ ಹೋಗಿ ಗಂಗೆಯಲ್ಲಿ ಮುಳುಗಿ ಬಂದಿದ್ದಳು. ಚಳಿಗೆ ಅವಳ ಕೈಕಾಲು ಹಿಡಿದುಕೊಳ್ಳುವುದು ಹೊಸದಲ್ಲ. ಮೂರು ವರ್ಷದ ಮಗುವಾಗಿದ್ದಾಗಿನಿಂದಲೂ ವರ್ಷಕ್ಕೆ ನಾಲ್ಕೈದು ಸಲ ಕೀಲುಕೀಲಿನಲ್ಲಿ ನೋವೆದ್ದು ಹಾಸಿಗೆ ಹಿಡಿಯುತ್ತಿದ್ದಳು. ಕಣ್ಣಿನ ಬಿಳಿ ಅರಿಶಿನಕ್ಕೆ ತಿರುಗುತ್ತಿತ್ತು. ಸೋನಾರ್‌ಪುರದ ವೈದ್ಯರೊಬ್ಬರು ವಾತವೆಂದು ಎಣ್ಣೆ ಕೊಟ್ಟರು. ಇನ್ನೊಬ್ಬರು ಕಾಮಾಲೆಯೆಂದು ಬೇರು ಅರೆದು ಕುಡಿಸಿದರು. ಎಂಟು ಹತ್ತು ದಿನಕ್ಕೆ ನೋವು ತಾನಾಗಿಯೇ ಇಳಿಯುತ್ತಿತ್ತು. ಇಳಿದ ಮೇಲೆ ಯಾರೂ ಅದರ ಬೆನ್ನು ಹತ್ತಲಿಲ್ಲ.

ಗಿರಿಜಾದೇವಿಯ ಗಂಡ ಹಾಲಯ್ಯ ಅದೇ ಮಠದ ಕಚೇರಿಯಲ್ಲಿದ್ದವನು. ಸೋನಾರ್‌ಪುರದ ಹಿಂದಿನ ಗಲ್ಲಿಯಲ್ಲಿದ್ದ ಆ ಪುಟ್ಟ ಕನ್ನಡ ಮಠಕ್ಕೆ ಊರ ಕಡೆಯಿಂದ ಬರುವ ಕಾಗದಗಳಿಗೆ ಉತ್ತರ ಬರೆಯುವುದು ಅವನ ಪಾಲಿನ ಕೆಲಸ, ದಾಸೋಹದ ಅಡುಗೆ ಹೆಂಡತಿಯ ಪಾಲಿನದು. ಕೂಗು ಕೇಳಿ ಓಡಿ ಬಂದವನು ಮಗಳನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಗಲ್ಲಿ ದಾಟಿ ಸೈಕಲ್ ರಿಕ್ಷಾದಲ್ಲಿ ಕೂರಿಸಿದ. ದಾರಿಯುದ್ದಕ್ಕೂ ಗಿರಿಜಾದೇವಿ ಆ ಬಲಗೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟು ಉಜ್ಜುತ್ತಿದ್ದಳು. ಬಿಸಿಯಾಗುತ್ತಿತ್ತು, ಅಷ್ಟೆ. ಹಿಡಿದದ್ದಕ್ಕೆ ಪ್ರತಿಯಾಗಿ ಹಿಡಿಯಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಮೂರನೆಯ ದಿನ ನರರೋಗದ ಡಾಕ್ಟರು ಬಂದರು. ಸಾನ್ಯಾಲ್ ಎಂದು ಹೆಸರು, ಕಾಶಿಯಲ್ಲೇ ಹುಟ್ಟಿ ಬೆಳೆದ ಬಂಗಾಳಿ. ಕೊರಳಿಗೆ ಹಳೆಯ ಉಣ್ಣೆಯ ಮಫ್ಲರು, ದನಿ ಮೆಲ್ಲಗೆ. ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿದರು, ಅಂಗಾಲು ಗೀರಿದರು, ನಾಲಿಗೆ ಚಾಚು ಎಂದರು. ಅಂಬಾ ಹೇಳಿದ್ದನ್ನೆಲ್ಲ ಮಾಡಿದಳು. ಅವಳಿಗೆ ಎಲ್ಲವೂ ಅರ್ಥವಾಗುತ್ತಿತ್ತು, ಮಾತು ಮಾತ್ರ ಹೊರಡುತ್ತಿರಲಿಲ್ಲ.

"ಮಾತಾಜಿ, ಹದಿನೇಳು ವರ್ಷದ ಹುಡುಗಿಗೆ ಹೀಗೆ ಒಂದು ಬದಿ ಬಿದ್ದು ಲಕ್ವಾ ಹೊಡೆಯೋದು ಅಂದ್ರೆ ಅದಕ್ಕೆ ಏನೋ ಕಾರಣ ಇರಲೇಬೇಕು," ಎಂದು ಅವರು ಹಿಂದಿಯಲ್ಲಿ, ಅವಳಿಗೆ ತಿಳಿಯುವಷ್ಟು ನಿಧಾನವಾಗಿ ಹೇಳಿದರು. "ಹೃದಯ ಚೆನ್ನಾಗಿದೆ. ಬೆನ್ನಿನ ನೀರಲ್ಲಿ ಸೋಂಕಿಲ್ಲ. ತಲೆಯೊಳಗೆ ಗೆಡ್ಡೆ ಇದೆಯೋ, ಕೀವು ತುಂಬಿದೆಯೋ, ನಾಳ ಕಟ್ಟಿಕೊಂಡಿದೆಯೋ ನೋಡಬೇಕು. ನಾಳೆ ಬೆಳಿಗ್ಗೆ ಒಂದು ಫೋಟೋ ತೆಗೀತೀವಿ. ಕುತ್ತಿಗೆಯ ರಕ್ತನಾಳಕ್ಕೆ ಸೂಜಿ ಹಾಕಿ ಒಂದು ಔಷಧಿ ಬಿಡ್ತೀವಿ. ಅದು ಮೆದುಳಿಗೆ ಹರಿಯುವಾಗ ಎಕ್ಸ್-ರೇಯಲ್ಲಿ ಅದರ ದಾರಿಯೆಲ್ಲ ಕಾಣುತ್ತೆ. ಎಲ್ಲಿ ನಿಂತಿತೋ ಅಲ್ಲಿ ಅಡ್ಡಿ ಇದೆ ಅಂತ."

ಆಮೇಲೆ ಹಾಳೆ ಬಿಡಿಸಿ ಒಂದೊಂದೇ ಪ್ರಶ್ನೆ ಕೇಳಿದರು. ನಿಮ್ಮ ಮನೆತನದಲ್ಲಿ ಯಾರಿಗಾದರೂ ಸಣ್ಣ ವಯಸ್ಸಿನಲ್ಲಿ ಹೀಗಾಗಿತ್ತೇ? ರಕ್ತದ ಕಾಯಿಲೆ? ಗಂಡನ ಕಡೆ? ಎಳೆಯ ಮಕ್ಕಳು ತೀರಿಕೊಂಡದ್ದು?

"ಇಲ್ಲ ಡಾಕ್ಟರ್ ಸಾಹೇಬ್. ಇಬ್ಬರ ಕಡೆಯೂ ಇಲ್ಲ," ಎಂದಳು ಗಿರಿಜಾದೇವಿ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಡಾಕ್ಟರು ಬರೆದುಕೊಂಡು ಹೋದರು.

ಅದೇ ಸಂಜೆ ಮಗಳ ಮೈ ಒರೆಸಲೆಂದು ಬಿಸಿನೀರಿನಲ್ಲಿ ಬಟ್ಟೆ ಹಿಂಡಿದಳು. ಬಲಗೈ ಎತ್ತಿ ಕಂಕುಳು ಒರೆಸಿ ಕೆಳಗಿಟ್ಟಳು. ಇಟ್ಟಲ್ಲೇ ಬಿದ್ದಿತ್ತು ಕೈ. ಹೀಗೆ ಇಟ್ಟಲ್ಲೇ ಬಿದ್ದಿರುವ ಕೈಯನ್ನು ತಾನು ಹಿಂದೆಯೂ ಒರೆಸಿದ್ದೇನೆ ಎನ್ನಿಸಿತು. ಎಲ್ಲಿ ಎಂದು ಹುಡುಕಬೇಕಾಗಲಿಲ್ಲ. ಬಟ್ಟೆ ಹಿಡಿದ ಕೈ ಹಾಗೆಯೇ ನಿಂತುಬಿಟ್ಟಿತು.

ಹದಿನೆಂಟು ವರ್ಷದ ಹಿಂದಿನ ಮಾತು. ಹೆಗ್ಗಡದೇವನಕೋಟೆಯ ಆಚೆ, ಕಾಕನಕೋಟೆ ಕಾಡಿನಂಚಿನಲ್ಲಿ ಜೇನುಕುರುಬರ ಒಂದು ಹಾಡಿ. ಅಲ್ಲಿನ ಒಬ್ಬರೇ ಮೇಷ್ಟ್ರ ಶಾಲೆಗೆ ಹಾಲಯ್ಯ ಮೇಷ್ಟ್ರು. ಮದುವೆಯಾಗಿ ಆರು ವರ್ಷವಾದರೂ, ಎರಡು ಸಲ ನಿಂತ ಗರ್ಭ ಇಳಿದುಹೋಗಿ, ಗಿರಿಜಾದೇವಿಯ ಮಡಿಲು ತುಂಬಿರಲಿಲ್ಲ. ಆಗ ಅವಳಿಗೆ ಒಡನಾಡಿಯಾಗಿದ್ದವಳು ಬೊಮ್ಮಿ. ಸೌದೆ ತರುತ್ತಿದ್ದಳು, ಗೆಣಸು ತರುತ್ತಿದ್ದಳು, ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡು ನಗುತ್ತಿದ್ದಳು. ಬೊಮ್ಮಿಗೊಬ್ಬ ಆರು ವರ್ಷದ ಮಗನಿದ್ದ. ಒಂದು ಬೆಳಿಗ್ಗೆ ಅವನು ಎದ್ದಾಗ ಎಡಗೈ ಎಡಗಾಲು ಬಿದ್ದುಹೋಗಿದ್ದವು. ಹಾಡಿಯವರು ಯಾವುದೋ ಗಾಳಿ ಸೋಕಿತೆಂದು ಪೂಜೆ ಮಾಡಿಸಿದರು. ಎರಡು ತಿಂಗಳಿಗೆ ಹುಡುಗ ಹೋದ. ಅಷ್ಟರಲ್ಲಿ ಬೊಮ್ಮಿ ಮತ್ತೆ ಬಸುರಿ. ಆ ಮಗು ಹುಟ್ಟುವ ಮೊದಲೇ ಗಂಡನನ್ನು ಕಾಡಾನೆ ತುಳಿದು ಕೊಂದಿತು. ಹೆರಿಗೆಯಾದ ಹನ್ನೆರಡನೆಯ ದಿನ ಜ್ವರ ಏರಿ ಬೊಮ್ಮಿಯೂ ಹೋದಳು. ಅವಳ ಮುದಿ ತಾಯಿ ಕೂಸನ್ನು ತಂದು ಗಿರಿಜಾದೇವಿಯ ಮಡಿಲಿಗೆ ಹಾಕಿ, "ನನ್ನ ಎದೇಲಿ ಹಾಲಿಲ್ಲ ಕನವ್ವ. ನೀನೇ ಸಾಕ್ಕೊ," ಎಂದು ತಿರುಗಿ ನೋಡದೆ ನಡೆದುಬಿಟ್ಟಳು.

ಹಾಲಯ್ಯನ ಊರಿನ ನೆಂಟರು ಕಾಡುಜನದ ಕೂಸು ಜಂಗಮರ ಮನೆಯಲ್ಲಿ ಬೆಳೆಯುವುದು ಹೇಗೆ ಎಂದರು. ಹೇಗೆಂದು ಅವರಿಗೆ ಉತ್ತರ ಹೇಳುವ ಬದಲು ಗಂಡಹೆಂಡಿರು ಮೂರು ತಿಂಗಳ ಮಗುವನ್ನು ಎತ್ತಿಕೊಂಡು ಕಾಶಿಯ ರೈಲು ಹತ್ತಿದರು. ಇಲ್ಲಿ ಅವಳು ಅವರ ಮಗಳು. ಮಠದಲ್ಲಿ ದೀಕ್ಷೆಯಾಯಿತು, ಕೊರಳಿಗೆ ಲಿಂಗ ಬಂತು, ಜಗದಾಂಬ ಎಂಬ ಹೆಸರು ಬಾಯಲ್ಲಿ ಸವೆದು ಅಂಬಾ ಆಯಿತು. ಹಡೆದವಳು ತಾನಲ್ಲ ಎಂಬುದನ್ನು ಗಿರಿಜಾದೇವಿ ಮರೆಯಲೆಂದೇ ಮರೆತಿದ್ದಳು. ಡಾಕ್ಟರು ಕೇಳಿದಾಗ ಅವಳು ಹೇಳಿದ್ದು ತನ್ನ ಮನೆತನ, ಗಂಡನ ಮನೆತನ. ಅಂಬಾಳ ರಕ್ತದ ಬಗ್ಗೆ ಯಾರೂ ಏನನ್ನೂ ಹೇಳಿರಲಿಲ್ಲ.

ವಾರ್ಡಿನ ಹೊರಗಿನ ಜಗಲಿಯಲ್ಲಿ ಹಾಲಯ್ಯ ಶಾಲು ಹೊದ್ದು ಕೂತಿದ್ದ. ಅವಳು ಹೋಗಿ ಪಕ್ಕದಲ್ಲಿ ಕೂತಳು.

"ಬೊಮ್ಮಿ ಮಗನಿಗೂ ಹಿಂಗೇ ಆಗಿತ್ತು ಕಣ್ರೀ."

ಹಾಲಯ್ಯನಿಗೆ ಆ ಹೆಸರು ಕಿವಿಗೆ ಬಿದ್ದು ಎಷ್ಟು ವರ್ಷವಾಗಿತ್ತೋ. ಅತ್ತ ಇತ್ತ ನೋಡಿದ. "ಮೆತ್ತಗೆ ಮಾತಾಡು."

"ಡಾಕ್ಟ್ರಿಗೆ ಹೇಳ್ಬೇಕು."

"ಏನಂತ ಹೇಳ್ತೀಯ? ಅವಳು ನಮ್ಮ ಕೂಸಲ್ಲ ಅಂತಲಾ? ಯೋಚನೆ ಮಾಡು ಗಿರಿಜಾ. ಆ ಮಾತು ಹೊರಗೆ ಬಿದ್ರೆ ಮಠಕ್ಕೆ ಬರೋದಕ್ಕೆ ಎಷ್ಟೊತ್ತು? ಶಾಸ್ತ್ರ ಒಪ್ಪುತ್ತೆ, ನನಗೆ ಗೊತ್ತು. ಜನ ಒಪ್ಪಲ್ಲ. ಸೊಲ್ಲಾಪುರದವರು ಹೆಣ್ಣು ನೋಡೋಕೆ ಬರ್ತೀವಿ ಅಂತ ಬರ್ದಿದ್ದಾರೆ..." ಅಷ್ಟು ಹೇಳಿ ತಾನೇ ತಡೆದುಕೊಂಡ. ಮಾತಾಡಲಾಗದೆ ಮಲಗಿದ ಹುಡುಗಿಯನ್ನು ನೋಡಲು ಯಾರು ಬರುತ್ತಾರೆ? ಬೇರೆ ದನಿಯಲ್ಲಿ ಹೇಳಿದ: "ಅದೆಲ್ಲಾ ಹಾಳಾಗೋಗ್ಲಿ. ಆ ಕೂಸಿಗೆ ತಿಳಿದ್ರೆ? ಕೈ ಹೋಯ್ತು, ಮಾತು ಹೋಯ್ತು. ಇರೋದು ನಾವಿಬ್ರು. ಅದನ್ನೂ ಕಿತ್ಕೊಳ್ತೀಯಾ?"

ಗಿರಿಜಾದೇವಿ ಎದ್ದಳು. ಒಳಗೆ ಹೋಗಿ ಮಗಳ ಮಗ್ಗುಲಲ್ಲಿ ನೆಲದ ಮೇಲೆ ಮಲಗಿದಳು. ಕಣ್ಣು ಮುಚ್ಚಿದರೆ ಹಾಡಿಯ ಬಾಗಿಲಲ್ಲಿ ಚಾಪೆಯ ಮೇಲಿದ್ದ ಹುಡುಗನೇ ಕಾಣುತ್ತಿದ್ದ.

ಬೆಳಿಗ್ಗೆ ಒಂಬತ್ತಕ್ಕೆ ಅಂಬಾಳನ್ನು ತಳ್ಳುಗಾಡಿಯ ಮೇಲೆ ಮಲಗಿಸಿ ಎಕ್ಸ್-ರೇ ಕೋಣೆಯ ಬಾಗಿಲಿಗೆ ತಂದರು. ಒಳಗೆ ಗಾಜಿನ ಸಿರಿಂಜುಗಳನ್ನು ಕುದಿಸುವ ವಾಸನೆ. ಡಾಕ್ಟರು ಕೈ ತೊಳೆದು ಒರೆಸಿಕೊಳ್ಳುತ್ತಾ ಹೊರಗೆ ಬಂದು, "ಹೆದರಬೇಡ ಬೇಟಿ, ಮುಖವೆಲ್ಲ ಒಂದು ಗಳಿಗೆ ಬಿಸಿಯಾಗುತ್ತೆ, ಅಷ್ಟೇ," ಎಂದು ಹುಡುಗಿಯ ಹಣೆ ಮುಟ್ಟಿದರು. ಗಾಡಿಯ ಚಕ್ರ ಹೊಸಿಲಿಗೆ ತಗಲಿತು.

"ಡಾಕ್ಟರ್ ಸಾಹೇಬ್, ನಿಲ್ಲಿಸಿ," ಎಂದಳು ಗಿರಿಜಾದೇವಿ.

ಪಕ್ಕಕ್ಕೆ ಕರೆದು ಹೇಳಬೇಕೆಂದು ರಾತ್ರಿಯೆಲ್ಲ ಅಂದುಕೊಂಡಿದ್ದಳು. ಆದರೆ ಚಕ್ರ ಹೊಸಿಲು ಹತ್ತುತ್ತಿತ್ತು. ಬಾಯಿಗೆ ಬಂದ ಹಿಂದಿಯಲ್ಲಿ, ವ್ಯಾಕರಣವೆಲ್ಲ ತಪ್ಪಾಗಿ, ಅಲ್ಲೇ ಹೇಳಿಬಿಟ್ಟಳು. ಇವಳು ನಾನು ಹಡೆದ ಮಗಳಲ್ಲ. ಕಾಡಿನ ಜನರ ಕೂಸು. ಇವಳ ಒಡಹುಟ್ಟಿದವನು ಆರನೇ ವರ್ಷಕ್ಕೆ ಹೀಗೇ ಆಗಿ ಸತ್ತುಹೋದ. ಆ ಹಾಡಿಯಲ್ಲಿ ಕಣ್ಣು ಹಳದಿಯಾಗಿ ಕೈಕಾಲು ನೋವೆಂದು ಅಳುವ ಮಕ್ಕಳು ಇನ್ನೂ ಇದ್ದರು. ನಿನ್ನೆ ನೀವು ಕೇಳಿದಾಗ ನಾನು ನನ್ನ ಮನೆಯದು ಹೇಳಿದೆ. ಇವಳದು ಹೇಳಲಿಲ್ಲ.

ಡಾಕ್ಟರು ಕೈಯೊರೆಸುವ ಬಟ್ಟೆಯನ್ನು ಹಾಗೆಯೇ ಹಿಡಿದು ನಿಂತರು. "ಯಾವ ಕಾಡು?" ಹೇಳಿದಳು. "ನೀಲಗಿರಿಗೆ ಹತ್ತಿರವೇ?" ಹತ್ತಿರ ಎಂದು ಹಾಲಯ್ಯ ಹಿಂದಿನಿಂದ ಹೇಳಿದ. ಡಾಕ್ಟರು ಒಳಗಿನವರಿಗೆ ಇವತ್ತು ಫೋಟೋ ಬೇಡ, ಔಷಧಿ ತೆಗೆದಿಡಿ ಎಂದರು. ಅಂಬಾಳ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ತೆಗೆದುಕೊಂಡು ತಾವೇ ಲ್ಯಾಬಿಗೆ ನಡೆದರು.

ಆಗ ಗಿರಿಜಾದೇವಿ ಮಗಳ ಮುಖ ನೋಡಿದಳು. ಅಂಬಾ ಕಾಶಿಯಲ್ಲಿ ಬೆಳೆದವಳು. ಹಿಂದಿಯಲ್ಲಿ ಕನಸು ಕಾಣುವವಳು. ಒಂದು ಮಾತೂ ಅವಳ ಕಿವಿ ತಪ್ಪಿರಲಿಲ್ಲ. ಕಣ್ಣಿನಿಂದ ನೀರು ಕೆನ್ನೆಗಿಳಿದು ಕಿವಿಯೊಳಗೆ ಹೋಗುತ್ತಿತ್ತು. ತಾಯಿ ಒರೆಸಲು ಕೈ ಚಾಚಿದಾಗ ಎಡಕ್ಕೆ ಮುಖ ತಿರುಗಿಸಿಕೊಂಡಳು.

ಮರುದಿನ ಡಾಕ್ಟರು ಗಂಡಹೆಂಡಿರಿಬ್ಬರನ್ನೂ ಲ್ಯಾಬಿಗೆ ಕರೆದು, ಮೈಕ್ರೋಸ್ಕೋಪಿಗೆ ಕಣ್ಣಿಡಲು ಹೇಳಿದರು. ಗಿರಿಜಾದೇವಿಗೆ ಮೊದಲು ಬೆಳಕು ಬಿಟ್ಟು ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಕೆಲವು ದುಂಡಗೆ ಇದ್ದವು. ಉಳಿದವು ಎರಡೂ ತುದಿ ಚೂಪಾಗಿ ಬಾಗಿದ್ದವು.

"ಹಂಸಿಯಾ," ಎಂದರು ಡಾಕ್ಟರು, ಹುಲ್ಲು ಕೊಯ್ಯುವಂತೆ ಕೈಯಾಡಿಸಿ.

"ಕುಡುಗೋಲು," ಎಂದ ಹಾಲಯ್ಯ.

"ರಕ್ತದ ಕಣ ಹೀಗೆ ಬಾಗುವ ಕಾಯಿಲೆ. ಹುಟ್ಟಿನಿಂದ ಬರೋದು. ತಾಯಿಯಿಂದ ಒಂದು ಪಾಲು, ತಂದೆಯಿಂದ ಒಂದು ಪಾಲು ಬಂದರೆ ಮಗುವಿಗೆ ಬರುತ್ತೆ. ಚಳಿಗೆ, ನೀರು ಸಾಲದಿದ್ದರೆ, ಕಣಗಳು ಬಾಗಿ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ. ಕೀಲಿನಲ್ಲಿ ಸಿಕ್ಕಿದರೆ ನೋವು. ತಲೆಯ ನಾಳ ಸವೆದು ಸಣ್ಣದಾದರೆ ಲಕ್ವಾ." ಅವರು ಗಾಜಿನ ಪಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟರು. "ಫೋಟೋದ ಔಷಧಿ ದಪ್ಪ, ಕಣದೊಳಗಿನ ನೀರು ಎಳೆದುಕೊಳ್ಳುತ್ತೆ. ನಿನ್ನೆ ಅದನ್ನ ಹಾಗೇ ಬಿಟ್ಟಿದ್ದರೆ ಇನ್ನೊಂದು ಬದಿಯೂ ಹೋಗಬಹುದಿತ್ತು. ಇದು ಹೆಚ್ಚಾಗಿ ನೀಲಗಿರಿಯಂಥ ಕಡೆಯ ಕಾಡಿನ ಜನರಲ್ಲಿ ಕಾಣೋದು; ಮಠದ ಪುರೋಹಿತರ ಮನೆಯ ಹುಡುಗಿ ಅಂದುಕೊಂಡು ನಾನು ಈ ಪರೀಕ್ಷೆ ಮಾಡಿಸುತ್ತಲೇ ಇರಲಿಲ್ಲ. ಒಳ್ಳೇದು ಮಾಡಿದಿರಿ ಮಾತಾಜಿ."

ಒಳ್ಳೆಯದು ಎಂಬ ಮಾತು ಗಿರಿಜಾದೇವಿಗೆ ತಾಗಲಿಲ್ಲ. ಅವಳ ಮುಂದೆ ಇದ್ದದ್ದು ಆ ಕಡೆ ತಿರುಗಿದ ಮಗಳ ಮುಖ.

ಫೋಟೋ ಬೇಕೇ ಬೇಕು ಎಂದರು ಡಾಕ್ಟರು. ಕಾಯಿಲೆಯ ಹೆಸರು ತಿಳಿಯಿತು. ಬಲಗೈ ಬಲಗಾಲು ಬಿದ್ದರೆ ಕೆಟ್ಟಿರುವುದು ಮೆದುಳಿನ ಎಡಬದಿ, ಆದರೆ ಬಲಬದಿಯ ನಾಳ ಹೇಗಿದೆ ಎಂದು ತಿಳಿಯದೆ ಮುಂದಿನ ದಾರಿ ಕಾಣುವುದಿಲ್ಲ. ಅದಕ್ಕೆ ಮೊದಲು, ಔಷಧಿಗೆ ಬಾಗುವ ಕಣಗಳು ಕಡಿಮೆಯಾಗಲೆಂದು, ಹುಡುಗಿಯ ರಕ್ತವನ್ನು ಒಂದು ಕೈಯಿಂದ ತೆಗೆದು ಇನ್ನೊಂದು ಕೈಯಿಂದ ಬೇರೆಯವರ ರಕ್ತ ಕೊಡಬೇಕು. ನಾಲ್ಕು ಬಾಟಲಿ. ಗಿರಿಜಾದೇವಿಯ ರಕ್ತ ಹೊಂದಲಿಲ್ಲ. ಹಾಲಯ್ಯನದು ಹೊಂದಿತು. ಒಂದು ಬಾಟಲಿ ಆಸ್ಪತ್ರೆಯಲ್ಲಿತ್ತು. ಉಳಿದೆರಡಕ್ಕೆ ಮಠದಲ್ಲೇ ಕೇಳಬೇಕಾಯಿತು.

ಮಠದ ಹಿರಿಯರು ಅನ್ನದಾನಯ್ಯನವರು, ಎಂಬತ್ತರ ಹತ್ತಿರದವರು. ಹಾಲಯ್ಯ ಅವರ ಮುಂದೆ ನೆಲಕ್ಕೆ ಕೂತು, ಸುಳ್ಳಿನ ಒಂದು ಎಳೆಯನ್ನೂ ಉಳಿಸಿಕೊಳ್ಳದೆ ಎಲ್ಲ ಹೇಳಿದ. ಮುದುಕರು ಪೂರ್ತಿ ಕೇಳಿದರು. ಹರಿಶ್ಚಂದ್ರ ಘಾಟಿನ ಕಡೆಯಿಂದ ಚಿತೆಯ ಹೊಗೆ ಬರುತ್ತಿದ್ದುದರಿಂದ ಎದ್ದು ಕಿಟಕಿ ಮುಚ್ಚಿ ಬಂದು ಕೂತರು.

"ಹದಿನೇಳು ವರ್ಷ ಹೇಳ್ದೆ ಇದ್ದದ್ದು ತಪ್ಪು," ಎಂದರು. "ನಮ್ಮನ್ನ ಅಷ್ಟು ಸಣ್ಣೋರು ಅಂತ ತಿಳ್ಕೊಂಡೆಯಲ್ಲಪ್ಪಾ, ಅದು ತಪ್ಪು. ಆ ಹುಡುಗಿಗೆ ದೀಕ್ಷೆ ಕೊಟ್ಟೋನು ನಾನು. ಕೊಟ್ಟಿದ್ದನ್ನ ವಾಪಸ್ ತಗೊಳ್ಳೋ ಮಂತ್ರ ನನಗೆ ಗೊತ್ತಿಲ್ಲ. ಹೋಗು, ವೀರಯ್ಯನ್ನ ಅಮರಯ್ಯನ್ನ ಕರ್ಕೊಂಡು ಹೋಗು."

ವೀರಯ್ಯ, ಅಮರಯ್ಯ ಮಠದಲ್ಲಿ ಸಂಸ್ಕೃತ ಓದುತ್ತಿದ್ದ ತರುಣರು. ಇಬ್ಬರೂ ರಕ್ತ ಕೊಟ್ಟು ಬಂದರು. ಎಲ್ಲರೂ ಹಿರಿಯರಂತಿರಲಿಲ್ಲ. ಕೊನೆಗಾಲಕ್ಕೆಂದು ಕಾಶಿಗೆ ಬಂದು ಮಠದಲ್ಲಿದ್ದ ಇಬ್ಬರು ಮುದುಕಿಯರು ಗಿರಿಜಾದೇವಿ ಮಾಡಿದ ಅಡುಗೆ ಬಿಟ್ಟು ಕೋಣೆಯಲ್ಲೇ ಬೇಯಿಸಿಕೊಳ್ಳತೊಡಗಿದರು. ಸೊಲ್ಲಾಪುರದಿಂದ ಮತ್ತೆ ಕಾಗದ ಬರಲಿಲ್ಲ.

ಇಷ್ಟೆಲ್ಲದರ ನಡುವೆ ಅಂಬಾ ತಾಯಿಯ ಕೈಯಿಂದ ಒಂದು ತುತ್ತೂ ತಿನ್ನಲಿಲ್ಲ. ಹಾಲಯ್ಯ ಚಮಚದಲ್ಲಿ ಗಂಜಿ ಹಿಡಿದರೆ ಬಾಯಿ ತೆರೆಯುತ್ತಿದ್ದಳು. ಗಿರಿಜಾದೇವಿ ಹಿಡಿದರೆ ತುಟಿ ಬಿಗಿಯುತ್ತಿದ್ದಳು. ಆರು ದಿನ ಹೀಗೆ ನಡೆಯಿತು. ಗಿರಿಜಾದೇವಿ ಬೇಡಿಕೊಳ್ಳಲೂ ಇಲ್ಲ, ಅಳಲೂ ಇಲ್ಲ. ಹೊತ್ತಿಗೆ ಸರಿಯಾಗಿ ಗಂಜಿ ಮಾಡಿ ತಂದು ಗಂಡನ ಕೈಗೆ ಕೊಟ್ಟು, ತಾನು ಕಾಲಬುಡದಲ್ಲಿ ಕೂತು ಸತ್ತಂತಿದ್ದ ಬಲಗಾಲನ್ನು ಡಾಕ್ಟರು ತೋರಿಸಿಕೊಟ್ಟ ಹಾಗೆ ಮಡಿಸಿ ಚಾಚಿಸುತ್ತಿದ್ದಳು. ಕಾಲನ್ನು ಹಿಂದಕ್ಕೆಳೆದುಕೊಳ್ಳುವ ಶಕ್ತಿ ಹುಡುಗಿಗೆ ಇರಲಿಲ್ಲ.

ಫೋಟೋದ ದಿನ ಬಂತು. ಎಕ್ಸ್-ರೇಯವನು ಕುತ್ತಿಗೆಯಲ್ಲಿ ಏನೂ ಇರಕೂಡದು, ಅದನ್ನು ಬಿಚ್ಚಿ ಎಂದ. ಕೊರಳಲ್ಲಿ ಬೆಳ್ಳಿಯ ಕರಡಿಗೆಯೊಳಗೆ ಲಿಂಗವಿತ್ತು. ದೀಕ್ಷೆಯಾದ ದಿನದಿಂದ ಅದು ಅವಳ ಮೈಬಿಟ್ಟು ಅಗಲಿದ್ದಿಲ್ಲ, ಅಗಲಕೂಡದು. ಅಂಬಾ ಎಡಗೈಯಿಂದ ಕರಡಿಗೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಅಪ್ಪನನ್ನು ನೋಡಿದಳು. ಆಮೇಲೆ ತಾಯಿಯನ್ನು ನೋಡಿದಳು.

ಗಿರಿಜಾದೇವಿ ತನ್ನ ಸೀರೆಯ ಸೆರಗಿನಂಚು ಹರಿದಳು. "ತೋಳಿಗೆ ಕಟ್ತೀನಿ ಕೂಸೇ. ಮೈಮೇಲೇ ಇರುತ್ತೆ. ಮುಗಿದ ತಕ್ಷಣ ಕೊರಳಿಗೆ ಹಾಕ್ತೀನಿ." ಒಪ್ಪಿಗೆಗೆ ಕಾದಳು. ಅಂಬಾ ಮುಷ್ಟಿ ಬಿಟ್ಟು, ಎಡತೋಳನ್ನು ನಿಧಾನವಾಗಿ ತಾಯಿಯ ಕಡೆ ಚಾಚಿದಳು. ಗಿರಿಜಾದೇವಿ ಕಟ್ಟಿದಳು. ಗಂಟು ಎರಡು ಸಲ ತಪ್ಪಿತು. ಹುಡುಗಿ ತೋಳು ಹಿಂದಕ್ಕೆ ತೆಗೆಯಲಿಲ್ಲ.

ಬಾಗಿಲು ಮುಚ್ಚಿತು. ಒಳಗಿನಿಂದ ಫಿಲ್ಮಿನ ಪೆಟ್ಟಿಗೆ ಎಳೆಯುವ ಖಟ್ ಖಟ್ ಸದ್ದು, ಮಧ್ಯೆ ಒಮ್ಮೆ ಅಂಬಾಳ ನರಳಿಕೆ. ಗಂಡಹೆಂಡಿರು ಬೆಂಚಿನ ಮೇಲೆ ಒಬ್ಬರನ್ನೊಬ್ಬರು ಮುಟ್ಟದೆ ಕೂತಿದ್ದರು. ಒಂದೂವರೆ ಗಂಟೆಯ ಮೇಲೆ ಗಾಡಿ ಹೊರಬಂತು. ಕುತ್ತಿಗೆಯ ಎರಡೂ ಬದಿ ಹತ್ತಿಯ ಉಂಡೆ, ಮುಖ ಬಿಳಿಚಿತ್ತು. ಆದರೆ ಎಡಗೈ ಆಡುತ್ತಿತ್ತು, ಎಡಗಾಲು ಆಡುತ್ತಿತ್ತು. ಗಿರಿಜಾದೇವಿ ಮೊದಲು ನೋಡಿದ್ದು ಅದನ್ನೇ.

ಸಂಜೆ ಡಾಕ್ಟರು ಇನ್ನೂ ಹಸಿಯಿದ್ದ ಫಿಲ್ಮುಗಳನ್ನು ದೀಪದ ಪೆಟ್ಟಿಗೆಯ ಮುಂದೆ ಹಿಡಿದು ತೋರಿಸಿದರು. ತಲೆಬುರುಡೆಯ ಮಸುಕಿನೊಳಗೆ ಬಿಳಿಯ ಗೆರೆಯೊಂದು ಕುತ್ತಿಗೆಯಿಂದ ಏರಿ ಬಂದು, ಕವಲೊಡೆಯಬೇಕಾದ ಕಡೆ ತುಂಡಾಗಿತ್ತು. ತುಂಡಾದ ಕಡೆ ಎಳೆಬೇರಿನಂಥ ಸಣ್ಣ ಸಣ್ಣ ಎಳೆಗಳು ಗೋಜಲಾಗಿದ್ದವು.

"ಎಡಗಡೆಯ ದೊಡ್ಡ ಕವಲು ಮುಚ್ಚಿಹೋಗಿದೆ. ಇಲ್ಲಿ ಕತ್ತರಿ ಹಾಕಿ ಮಾಡೋದು ಏನೂ ಇಲ್ಲ. ಈ ಸಣ್ಣ ಎಳೆಗಳು ರಕ್ತ ತಾನೇ ಹುಡುಕಿಕೊಂಡ ಅಡ್ಡದಾರಿ." ಇನ್ನೊಂದು ಫಿಲ್ಮು ಹಿಡಿದರು. "ಇದು ಬಲಗಡೆ. ಇಲ್ಲಿ ನೋಡಿ, ಸಣ್ಣದಾಗ್ತಾ ಇದೆ. ಮುಚ್ಚಿಲ್ಲ."

"ಇದೂ ಮುಚ್ಚುತ್ತಾ?" ಎಂದು ಕೇಳಿದಳು ಗಿರಿಜಾದೇವಿ.

"ಹಾಗೇ ಬಿಟ್ಟರೆ ಮುಚ್ಚಬಹುದು. ಹೊರದೇಶದ ಡಾಕ್ಟರುಗಳು ಇಂಥ ಮಕ್ಕಳಿಗೆ ತಿಂಗಳು ತಿಂಗಳು ಬೇರೆಯವರ ರಕ್ತ ಕೊಟ್ಟು ನೋಡ್ತಿದ್ದಾರೆ. ಎರಡನೇ ಹೊಡೆತ ಕಡಿಮೆಯಾಗಿದೆ ಅಂತ ಬರೀತಾರೆ. ಖಂಡಿತ ಅಂತ ನಾನು ಹೇಳಲಾರೆ. ಬಹಳ ವರ್ಷ ಕೊಟ್ಟರೆ ಆ ರಕ್ತದ ಕಬ್ಬಿಣ ಮೈಯಲ್ಲಿ ಕೂತು ಅದೇ ಒಂದು ಕಾಟವಾಗುತ್ತೆ." ಫಿಲ್ಮು ಕೆಳಗಿಟ್ಟು ಕನ್ನಡಕ ತೆಗೆದರು. "ವಿಲಾಯತಿನಲ್ಲಿ ಈಗ ಸೂಜಿಯಿಲ್ಲದೆ, ಮೆದುಳನ್ನೇ ಹೋಳು ಹೋಳಾಗಿ ತೋರಿಸೋ ಯಂತ್ರ ಬಂದಿದೆಯಂತೆ. ಎಷ್ಟು ಜಾಗ ಸತ್ತಿದೆ, ಎಷ್ಟು ಬದುಕಿದೆ ಅಂತ ಅದರಲ್ಲಿ ಕಾಣುತ್ತೆ. ನಮಗೆ ದಾರಿ ಮಾತ್ರ ಕಾಣುತ್ತೆ, ಊರು ಕಾಣಲ್ಲ. ಎಷ್ಟು ಉಳಿದಿದೆ ಅನ್ನೋದನ್ನ ಈ ಹುಡುಗಿಯೇ ತೋರಿಸಬೇಕು."

ಅಂಬಾ ತೋರಿಸಿದಳು, ಬಹಳ ನಿಧಾನವಾಗಿ. ಹೋಳಿಯ ಹೊತ್ತಿಗೆ ಗೋಡೆ ಹಿಡಿದು ನಡೆದಳು. ಮಾತು ಒಂದೊಂದೇ ಪದವಾಗಿ ಬಂತು. ಮೊದಲು ಹಿಂದಿಯ ಪದಗಳು, ಎಷ್ಟೋ ವಾರಗಳ ಮೇಲೆ ಕನ್ನಡದ್ದು. ಒಂದು ಮಧ್ಯಾಹ್ನ ಗಿರಿಜಾದೇವಿ ತಲೆ ಬಾಚುತ್ತಿದ್ದಾಗ ಇದ್ದಕ್ಕಿದ್ದಂತೆ, "ಅವಳು... ಹೇಗಿದ್ದಳು?" ಎಂದಳು.

ಯಾರೆಂದು ಕೇಳಬೇಕಾಗಿರಲಿಲ್ಲ. ಬಾಚಣಿಗೆ ಕೆಳಗಿಟ್ಟು ಗಿರಿಜಾದೇವಿ ಬೊಮ್ಮಿಯ ಬಗ್ಗೆ ತಿಳಿದದ್ದನ್ನೆಲ್ಲ ಹೇಳಿದಳು. ಅವಳ ನಗು, ಅವಳ ಎಲೆಯಡಿಕೆ, ಅವಳು ಮರ ಹತ್ತುತ್ತಿದ್ದ ರೀತಿ. ಅಣ್ಣನೊಬ್ಬನಿದ್ದನೆಂದು ಹೇಳಿದಳು. ಹಡೆದ ಮೇಲೆ ಬದುಕಿದ್ದ ಹನ್ನೆರಡು ದಿನವೂ, ಜ್ವರ ಏರಿದಾಗಲೂ, ಬೊಮ್ಮಿ ಎದೆಹಾಲು ಕೊಟ್ಟಿದ್ದಳೆಂದು ಹೇಳಿದಳು.

"ಯಾಕೆ... ಹೇಳಲಿಲ್ಲ?"

"ಹೆದರಿಕೆ ಕಣವ್ವ. ನೀನು ಅವಳ ಮಗಳಾದ್ರೆ ನನ್ನ ಮಗಳಾಗಿ ಉಳಿಯಲ್ಲ ಅಂತ."

ಅಂಬಾ ಬಹಳ ಹೊತ್ತು ಏನನ್ನೋ ಹುಡುಕುತ್ತಿದ್ದಳು. ಪದವೋ, ಮನಸ್ಸೋ ತಿಳಿಯುವಂತಿರಲಿಲ್ಲ. ಕೊನೆಗೆ, "ಜಡೆ," ಎಂದಳು. ಗಿರಿಜಾದೇವಿ ಜಡೆ ಹೆಣೆದು ಮುಗಿಸಿದಳು.

ಬಲಗೈ ತಿರುಗಿ ಬರಲೇ ಇಲ್ಲ. ಎಡಗೈಯಲ್ಲಿ ಬರೆಯಲು ಒಂದು ವರ್ಷ ಹಿಡಿಯಿತು. ಕಾಲೇಜು ಬಿಟ್ಟುಹೋಯಿತು. ತಿಂಗಳಿಗೊಮ್ಮೆ ಗಂಡಹೆಂಡಿರಲ್ಲಿ ಒಬ್ಬರು ಅವಳನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ದು, ದಿನವಿಡೀ ಬಾಟಲಿಯ ಕೆಳಗೆ ಕೂರಿಸಿ ಕರೆತರುತ್ತಿದ್ದರು. ರಕ್ತ ಸಿಗದ ತಿಂಗಳುಗಳೂ ಇದ್ದವು. ಆ ತಿಂಗಳುಗಳಲ್ಲಿ ಗಿರಿಜಾದೇವಿ ಬೆಳಿಗ್ಗೆ ಎದ್ದೊಡನೆ ಮಗಳ ಎಡಗೈಗೆ ತನ್ನ ಬೆರಳು ಕೊಟ್ಟು, "ಹಿಡಿ," ಎನ್ನುತ್ತಿದ್ದಳು. ಎರಡು ವರ್ಷ ಕಳೆಯಿತು. ಎರಡನೆಯ ಹೊಡೆತ ಬರಲಿಲ್ಲ.

ಆ ಎರಡನೆಯ ವರ್ಷ ಡಾಕ್ಟರ ಮಾತಿನ ಮೇರೆಗೆ ಹಾಲಯ್ಯ ಕಾಕನಕೋಟೆ ಕಡೆಯ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಉದ್ದನೆಯ ಕಾಗದ ಬರೆದ. ಡಾಕ್ಟರು ಇಂಗ್ಲಿಷಿನಲ್ಲಿ ಬರೆದ ಒಂದು ಹಾಳೆಯನ್ನೂ, ಫಿಲ್ಮಿನ ಒಂದು ಪ್ರತಿಯನ್ನೂ ಅದರೊಳಗಿಟ್ಟ. ಐದು ತಿಂಗಳು ಉತ್ತರವಿಲ್ಲ. ಮರೆತರು ಎಂದುಕೊಂಡಾಗ ಬಂತು. ಹಾಲಯ್ಯ ಅಡುಗೆಮನೆಯ ಬಾಗಿಲಲ್ಲಿ ಕೂತು ಗಟ್ಟಿಯಾಗಿ ಓದಿದ. ಕಬಿನಿಯ ಅಣೆಕಟ್ಟೆಯ ನೀರು ಬಂದು ಹಳೆಯ ಹಾಡಿ ಮುಳುಗಿತ್ತು, ಜನರನ್ನು ಬೇರೆಡೆ ಕೂರಿಸಿದ್ದರು. ಬೊಮ್ಮಿಯ ತಾಯಿ ತೀರಿಕೊಂಡು ಹತ್ತು ವರ್ಷದ ಮೇಲಾಗಿತ್ತು. ಆ ಕೇಂದ್ರದ ಡಾಕ್ಟರು ಹೊಸ ಹಾಡಿಯ ಮೂವತ್ತೊಂದು ಮಕ್ಕಳ ರಕ್ತ ತೆಗೆದು ಮೈಸೂರಿಗೆ ಕಳುಹಿಸಿದ್ದರು. ಮೂವರಿಗೆ ಇದೇ ಕಾಯಿಲೆ ಎಂದು ತಿಳಿದಿತ್ತು. ಕಾಳ, ಚಿಕ್ಕಮಾದ, ಗೌರಿ ಎಂದು ಹೆಸರು ಬರೆದಿದ್ದರು.

ಅಂಬಾ ಗೋಡೆಗೆ ಒರಗಿ ಕೇಳುತ್ತಿದ್ದಳು. "ಹೆಸರು... ಇನ್ನೊಂದು ಸಲ," ಎಂದಳು.

ಹಾಲಯ್ಯ ಮತ್ತೆ ಓದಿದ.

"ಮಾತಾಡ್ತಾರಾ?"

"ಆಡ್ತಾರಂತೆ ಕೂಸೇ. ಅವರಿಗಿನ್ನೂ ಏನೂ ಆಗಿಲ್ಲ. ತಿಂಗಳಿಗೊಂದು ಸಲ ನೋಡ್ತೀವಿ ಅಂತ ಬರ್ದಿದ್ದಾರೆ."

ಗಿರಿಜಾದೇವಿ ಒಲೆಯ ಉರಿ ತಗ್ಗಿಸಿ ಮಗಳ ಕಡೆ ನೋಡಿದಳು. ಅಂಬಾ ಆ ಮೂರು ಹೆಸರುಗಳನ್ನು, ಒಂದಾದ ಮೇಲೊಂದು, ತಪ್ಪದೆ ಹೇಳಲು ಪ್ರಯತ್ನಿಸುತ್ತಿದ್ದಳು. ಮೂರನೆಯ ಸಲಕ್ಕೆ ಮೂರೂ ಸರಿಯಾಗಿ ಬಂದವು.